ತರಗತಿಯಲ್ಲಿ ಗದ್ಯವನ್ನು ಓದಿಸುವ ವಿಷಯ

ಈ ಸ್ಮರಣ ಸಂಚಿಕೆಗಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆಮಾಡಿದಾಗ, ಶಾಲೆಯ ಹಳೆಯ ದಿನಗಳನ್ನು ಕುರಿತು ಬರೆಯಬಹುದೆಂದು ನನಗೆ ಮೊದಲು ತೋರಿತು. ಆದರೆ ಆ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿ ಅನೇಕರಿರುವರು. ನಾನಾದರೋ ಇಪ್ಪತ್ತೆರಡು ವರ್ಷಗಳಿಂದ ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳಿಗೆ ಕನ್ನಡವನ್ನು ಬೋಧಿಸುತ್ತಿರುವವಳು. ಆದುದರಿಂದ ನನ್ನ ಕೈಕೆಲಸವನ್ನೇ ಕುರಿತು, ಅದರಲ್ಲಿಯೂ ಗದ್ಯಪಾಠವನ್ನು ಮಕ್ಕಳಿಂದ ಓದಿಸುವ ಒಂದು ಕೆಲಸವನ್ನೇ ಕುರಿತು, ನಾಲ್ಕು ಮಾತುಗಳನ್ನು ಬರೆಯುವೆನು. ಇದರೊಳಗೆ ನನ್ನ ತಪ್ಪೊಂದರ ವೃತ್ತಾಂತವೂ ಸೇರಿರುವುದು. ನನ್ನಲ್ಲಿ ಓದಿಹೋದ ಹಳೆಯ ವಿದ್ಯಾರ್ಥಿನಿಯರು ಅದನ್ನು ಓದಿ ನನ್ನನ್ನು ಮನ್ನಿಸಬೇಕೆಂದು ಮೊದಲೇ ಬೇಡಿಕೊಳ್ಳುವೆನು.

ನಿಮ್ಮ ಕಾಲದಲ್ಲಿ ಗದ್ಯಪಾಠವು ಹೇಗೆ ನಡೆಯುತ್ತಿದ್ದಿತೆಂಬುದು ನಿಮಗೆ ನೆನಪಿರಬಹುದು. ನಾನು ಒಂದು ಸಾರಿ ಪಾಠವನ್ನು ಗಟ್ಟಿಯಾಗಿ ಓದುವೆನು. ಬಳಿಕ ಮೊದಲನೆಯ ಬೆಂಚಿನಿಂದ ಆರಂಭಿಸಿ ಒಬ್ಬೊಬ್ಬಳು ಒಂದೊಂದು ಪರಿಚ್ಛೇದವನ್ನು ಎದ್ದುನಿಂತು ಓದುವಳು. ತಪ್ಪಿದ ಉಚ್ಚಾರಣೆಯನ್ನು ನಾನು ತಿದ್ದುವೆನು. ಕಠಿನಪದಗಳ ಅರ್ಥವನ್ನು ಕರಿಹಲಗೆಯ ಮೇಲೆ ಬರೆಯುವೆನು. ಅವರು ಅದನ್ನು ಪುಸ್ತಕಕ್ಕೆ ಇಳಿಸಿಕೊಳ್ಳುವರು. ಮೂರನೆಯ ಬೆಂಚಿನಲ್ಲಿದ್ದವಳು ತನ್ನ ಸರದಿಗೆ ಯಾವ ಪರಿಚ್ಛೇದ ಬರುವುದೆಂದು ಎಣಿಸಿ ಅದನ್ನೇ ತುಟಿಯಲ್ಲಿ ಮೆಲುಕುಹಾಕುತ್ತ ಕುಳಿತಿರುವುದನ್ನು ನಾನು ಕಾಣದಿರಲಿಲ್ಲ. ಓದಿ ಕುಳಿತವಳು ಕಿಟಕಿಯ ಹೊರಗೆ ನೋಡುತ್ತಿದ್ದುದನ್ನೂ ಕಂಡಿದ್ದೆನು. ಆದರೂ ತರಗತಿಯು ನಿಶ್ಶಬ್ದವಾಗಿದ್ದಿತು, ಪಾಠವು ಮುಗಿಯುತ್ತಿದ್ದಿತು, ಪರೀಕ್ಷೆಯಲ್ಲಿ ಬಹುಮಂದಿ ತೇರ್ಗಡೆಯಾಗುತ್ತಿದ್ದರು. ಇದಕ್ಕಿಂತ ಹೆಚ್ಚಿನದೇನನ್ನು ಅಪೇಕ್ಷಿಸಬೇಕೆಂದು ನಾನು ತೃಪ್ತಳಾಗಿದ್ದೆನು.

ಹೀಗಿರಲು, ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಗೆ ಒಬ್ಬ ಬಾಲಕಿಯು ಬಂದಳು. ಅವಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅವಳ ಕಂಠವು ಬಹಳ ಇಂಪಾದುದು, ಉಚ್ಚಾರಣೆಯು ಸ್ಪಷ್ಟ, ಅಲ್ಪಪ್ರಾಣ ಮಹಾಪ್ರಾಣಗಳು ಎಲ್ಲಿಯೂ ತಪ್ಪವು, ಪೂರ್ಣವಿರಾಮ ಬಂದಲ್ಲಿ ನಿಲ್ಲುವಳು, ಅಲ್ಪವಿರಾಮ ಬಂದಲ್ಲಿ ಉಸಿರೆಳೆಯುವಳು. ಬೆಳಗಿನ ಸಭೆಯಲ್ಲಿ ಓದುವುದಕ್ಕೂ, ವಾರ್ಷಿಕೋತ್ಸವದಲ್ಲಿ ವರದಿಯನ್ನು ಓದುವುದಕ್ಕೂ ನಾವು ಅವಳನ್ನೇ ಆರಿಸುತ್ತಿದ್ದೆವು. ವಾಚನಕ್ಕಾಗಿ ಇಟ್ಟಿರುವ ಅಂಕಗಳನ್ನು ನಾನು ಪೂರ್ತಿಯಾಗಿ ಕೊಟ್ಟ ಮಕ್ಕಳಲ್ಲಿ ಅವಳೊಬ್ಬಳು.

ಆ ವರ್ಷದ ಕೊನೆಯಲ್ಲಿ ನಡೆದ ಪೋಷಕರ ಸಭೆಗೆ ಅವಳ ತಾಯಿಯು ಬಂದರು. ಬೀಡಿ ಕಟ್ಟಿ ಸಂಸಾರ ನಡೆಸುವ ಹೆಂಗಸು. ಓದುಬರಹ ಬಾರದು, ಮನೆಯ ಮಾತು ತುಳು. ಎಲ್ಲರೂ ಹೋದಮೇಲೆ ನನ್ನ ಬಳಿಗೆ ಬಂದು, ಸೆರಗಿನಲ್ಲಿ ಸುತ್ತಿಟ್ಟಿದ್ದ ಒಂದು ಕಾಗದವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, “ಟೀಚರೇ, ಇದರಲ್ಲಿ ಏನು ಬರೆದಿದೆ?” ಎಂದು ಕೇಳಿದರು. ಅದು ಚಿನ್ನವನ್ನು ಅಡವಿಟ್ಟುಕೊಂಡು ಸಾಲ ಕೊಡುವ ಒಂದು ಸಂಸ್ಥೆಯಿಂದ ಬಂದ ತಿಳಿವಳಿಕೆ ಪತ್ರವಾಗಿದ್ದಿತು. ಸದರಿ ಋಣಬಾಕಿಯನ್ನು ವಾಯಿದೆಯೊಳಗೆ ಸಂದಾಯಗೊಳಿಸದಿದ್ದಲ್ಲಿ ಆಧಾರವಾಗಿಟ್ಟ ಒಡವೆಗಳನ್ನು ಬಹಿರಂಗವಾಗಿ ವಿಲೇವಾರಿಗೊಳಿಸಲಾಗುವುದೆಂದು ಅದರಲ್ಲಿ ಅಚ್ಚಾಗಿದ್ದಿತು. ವಾಯಿದೆಯು ಮುಗಿದು ಎರಡು ತಿಂಗಳಾಗಿದ್ದಿತು. ಎರಡು ಬಳೆಗಳು ಏಲಮಿನಲ್ಲಿ ಹೋಗಿದ್ದವು. “ಪತ್ರ ಬಂದ ದಿನ ಮಗಳಿಂದ ಓದಿಸಲಿಲ್ಲವೇ?” ಎಂದು ನಾನು ಕೇಳಿದೆನು. ಆ ತಾಯಿಯು ಹೇಳಿದ ಮಾತನ್ನು ನಾನು ಮರೆಯಲಾರೆನು. “ಓದಿಸಿದೆ ಟೀಚರೇ. ಅವಳು ಚಂದವಾಗಿ ಓದಿದಳು. ಮೇಲಿನಿಂದ ಕೆಳಗಿನವರೆಗೆ ಎಲ್ಲಿಯೂ ನಿಲ್ಲದೆ ಓದಿದಳು. ಏನಂತೆ ಎಂದು ಕೇಳಿದೆ. ಬ್ಯಾಂಕಿನ ಕಾಗದ ಅಮ್ಮ ಎಂದಳು.”

ಅವರು ನನ್ನನ್ನು ದೂರಲಿಲ್ಲ, ಮಗಳನ್ನೂ ದೂರಲಿಲ್ಲ. ಸಂಸ್ಥೆಯವರೂ ತಮ್ಮ ನಿಯಮದಂತೆ ನಡೆದಿದ್ದರೆಂದು ತೋರುವುದು. ಆದರೆ ಆ ಹುಡುಗಿಗೆ ವಾಚನದಲ್ಲಿ ಪೂರ್ಣಾಂಕಗಳನ್ನು ಕೊಟ್ಟವಳು ನಾನು. ಮರುದಿನ ಅವಳನ್ನು ಕರೆದು ಪಠ್ಯಪುಸ್ತಕದಲ್ಲಿಲ್ಲದ ಒಂದು ಪುಟವನ್ನು ಓದಿಸಿದೆನು. ಆ ಪುಟದ ನಡುವೆ, ಅಲ್ಲಿಗೆ ಯಾವ ಸಂಬಂಧವೂ ಇಲ್ಲದ ಒಂದು ವಾಕ್ಯವನ್ನು ನಾನೇ ಬರೆದು ಸೇರಿಸಿದ್ದೆನು. ಅವಳು ಸ್ವಲ್ಪವೂ ತಡೆಯದೆ ಅದನ್ನೂ ಅದೇ ಇಂಪಿನಿಂದ ಓದಿ ಮುಂದಕ್ಕೆ ಹೋದಳು. ಅನಂತರ ತರಗತಿಯ ಮಿಕ್ಕವರಿಂದಲೂ ಓದಿಸಿ ನೋಡಿದೆನು. ಮೂವತ್ತಾರು ಮಂದಿಯಲ್ಲಿ ಆ ವಾಕ್ಯದ ಬಳಿ ನಿಂತು ನನ್ನ ಮುಖವನ್ನು ನೋಡಿದವರು ಒಂಬತ್ತು ಮಂದಿ ಮಾತ್ರ.

ಇದು ಹೇಗೆ ಸಾಧ್ಯವೆಂದು ವಾಚಕರು ಕೇಳಬಹುದು. ಇದಕ್ಕೆ ನಮ್ಮ ಲಿಪಿಯ ಒಳ್ಳೆಯ ಗುಣವೇ ಒಂದು ಕಾರಣವೆಂದು ಹೇಳಿದರೆ ಆಶ್ಚರ್ಯವಾದೀತು. ಇಂಗ್ಲಿಷಿನಲ್ಲಿ ಬರೆದಂತೆ ಓದುವ ಹಾಗಿಲ್ಲ. ಪದವು ಪರಿಚಯವಿಲ್ಲದಿದ್ದರೆ ಮಗುವು ತಡವರಿಸುವುದು, ತಡವರಿಸಿದೊಡನೆ ಉಪಾಧ್ಯಾಯರಿಗೆ ಎಚ್ಚರವಾಗುವುದು. ಕನ್ನಡದಲ್ಲಿ ಹಾಗಲ್ಲ. ವರ್ಣಮಾಲೆಯ 49 ಅಕ್ಷರಗಳನ್ನೂ, ಕಾಗುಣಿತವನ್ನೂ, ಒತ್ತಕ್ಷರಗಳನ್ನೂ ಕಲಿತವರು ಯಾವ ಪದವನ್ನಾದರೂ ಓದಬಲ್ಲರು. ಈ ಕಲಿಕೆಯೇನೂ ಸುಲಭವಲ್ಲ. ಕಾಗುಣಿತದ ರೂಪಗಳೇ ನಾಲ್ಕು ನೂರಕ್ಕೆ ಮೀರುವವು, ಒತ್ತಕ್ಷರಗಳು ಬೇರೆ. ಕನ್ನಡ ಮಕ್ಕಳು ಅಕ್ಷರಗಳನ್ನು ಕಲಿಯುವ ವೇಗವನ್ನು ಪರೀಕ್ಷಿಸಿದ ಸೋನಾಲಿ ನಾಗ್ ಎಂಬ ವಿದುಷಿಯು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಈ ಕಲಿಕೆಯು ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುವುದೆಂದು ತೋರಿಸಿರುವರು. ಆದರೆ ಒಮ್ಮೆ ಆ ದಡವನ್ನು ಸೇರಿದರೆ ಮಗುವಿನ ನಾಲಗೆಗೆ ತಡೆಯೆಂಬುದೇ ಇಲ್ಲ. “ವಿಲೇವಾರಿ” ಎಂಬ ಪದವನ್ನು ಜನ್ಮದಲ್ಲಿ ಕೇಳದವಳೂ ಅದನ್ನು ತಪ್ಪಿಲ್ಲದೆ ಓದುವಳು. ಹೀಗೆ ನಾಲಗೆಯ ನಯವು ಬುದ್ಧಿಯ ಕೊರತೆಯನ್ನು ಮರೆಮಾಡುವುದು. ಕೇಳುವವರೂ ಮೋಸಹೋಗುವರು, ಓದುವವಳೂ ಮೋಸಹೋಗುವಳು.

ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುವುದು. ನನ್ನ ತರಗತಿಯಲ್ಲಿ ಮನೆಯಲ್ಲಿ ಕನ್ನಡವಾಡುವವರು ಕೆಲವರೇ. ಮಿಕ್ಕವರ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಮಲಯಾಳ. ಕನ್ನಡವು ಅವರಿಗೆ ಶಾಲೆಯ ಮಾತು, ಪುಸ್ತಕದ ಮಾತು. ತುಳುವಿನಲ್ಲಿ “ಉಂಡು” ಎಂದರೆ ಇದೆ ಎಂದರ್ಥ. ಕನ್ನಡದಲ್ಲಿ ಊಟಮಾಡಿ ಎಂದರ್ಥ. ತುಳುವಿನಲ್ಲಿ “ಕಂಡ” ಎಂದರೆ ಗದ್ದೆ. ಕನ್ನಡದಲ್ಲಿ ನೋಡಿದ ಎಂದರ್ಥ. ಎಂಟನೆಯ ತರಗತಿಯವರು ಇಷ್ಟು ಸಣ್ಣ ಪದಗಳಲ್ಲಿ ಎಡವುವುದು ಅಪರೂಪ. ಆದರೆ ದೊಡ್ಡ ಪದಗಳಲ್ಲಿ, ಉದ್ದನೆಯ ವಾಕ್ಯಗಳಲ್ಲಿ, ಯಾರು ಯಾರಿಗೆ ಏನು ಮಾಡಿದರೆಂಬುದನ್ನು ಹಿಡಿಯುವಲ್ಲಿ, ಈ ಎರಡು ಮಾತುಗಳ ನಡುವಿನ ಹೊಳೆಯನ್ನು ಅವರು ಪ್ರತಿದಿನವೂ ದಾಟಬೇಕಾಗಿರುವುದು. ದೋಣಿ ಇದೆಯೇ ಇಲ್ಲವೇ ಎಂದು ನಾನು ವಿಚಾರಿಸಿದವಳಲ್ಲ.

ನನ್ನ ತಪ್ಪು ತಿಳಿದೊಡನೆ ನಾನು ಮಾಡಿದ ಮೊದಲನೆಯ ಉಪಾಯವೂ ತಪ್ಪೇ ಆಯಿತು. ಅರ್ಥವಾಗಿದೆಯೇ ಎಂದು ತಿಳಿಯಲು ಪ್ರಶ್ನೆ ಕೇಳಬೇಕಷ್ಟೆ ಎಂದು ಭಾವಿಸಿ, ಪ್ರತಿ ಪರಿಚ್ಛೇದಕ್ಕೂ ನಾಲ್ಕೈದು ಪ್ರಶ್ನೆಗಳನ್ನು ಕೇಳತೊಡಗಿದೆನು. ಉತ್ತರಗಳು ಪುಂಖಾನುಪುಂಖವಾಗಿ ಬಂದವು. ನನಗೆ ಸಂತೋಷವಾಯಿತು. ಒಂದು ದಿನ ಸಂದೇಹಗೊಂಡು ಕರಿಹಲಗೆಯ ಮೇಲೆ ಹೀಗೆ ಬರೆದೆನು: “ಗಿರುವು ಮಟ್ಟೆಯಲ್ಲಿ ಸೊಪ್ಪಳಿಸಿತು.” ಈ ವಾಕ್ಯದಲ್ಲಿ ಯಾವ ಅರ್ಥವೂ ಇಲ್ಲ, ಪದಗಳು ನಾನೇ ಕಟ್ಟಿದವು. “ಗಿರುವು ಎಲ್ಲಿ ಸೊಪ್ಪಳಿಸಿತು?” ಎಂದು ಕೇಳಿದೆನು. “ಮಟ್ಟೆಯಲ್ಲಿ!” ಎಂದು ಇಡೀ ತರಗತಿಯು ಕೂಗಿತು. “ಮಟ್ಟೆಯಲ್ಲಿ ಸೊಪ್ಪಳಿಸಿದ್ದು ಯಾವುದು?” “ಗಿರುವು!” ನಮ್ಮ ಭಾಷೆಯ ವಿಭಕ್ತಿ ಪ್ರತ್ಯಯಗಳು ಎಷ್ಟು ಸಹಾಯಮಾಡುವವೆಂದರೆ, ಏನೊಂದೂ ತಿಳಿಯದೆ ಎಲ್ಲ ಪ್ರಶ್ನೆಗಳಿಗೂ ಸರಿಯುತ್ತರವನ್ನು ಕೊಡಬಹುದು. ಮಕ್ಕಳು ನಕ್ಕರು. ನಾನೂ ನಕ್ಕೆನು. ಆದರೆ ಮನೆಗೆ ಹೋಗಿ ನನ್ನ ಹಳೆಯ ಪ್ರಶ್ನಪತ್ರಿಕೆಗಳನ್ನು ತೆಗೆದು ನೋಡಿದಾಗ ನಗು ಬರಲಿಲ್ಲ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳು ಗಿರುವಿನ ಜಾತಿಯವೇ ಆಗಿದ್ದವು.

ಆ ಬಳಿಕ ಈ ವಿಷಯದಲ್ಲಿ ಬಲ್ಲವರು ಏನು ಹೇಳಿರುವರೆಂದು ಹುಡುಕಿ ಓದತೊಡಗಿದೆನು. ನನ್ನ ಕಷ್ಟವು ಹೊಸದಲ್ಲವೆಂದು ತಿಳಿದು ಸಮಾಧಾನವಾಯಿತು. ಅಮೆರಿಕದ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞನು 1917ರಲ್ಲಿಯೇ, ಮಕ್ಕಳು ಸಣ್ಣ ಪರಿಚ್ಛೇದಗಳನ್ನು ಓದಿ ಮಾಡುವ ತಪ್ಪುಗಳನ್ನು ಪರೀಕ್ಷಿಸಿ, ಓದುವುದೆಂದರೆ ಲೆಕ್ಕ ಬಿಡಿಸುವುದಕ್ಕೆ ಸಮನಾದ ಒಂದು ವಿಚಾರಕಾರ್ಯವೆಂದೂ, ಯಾವ ಮಾತಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ಓದುವವನು ಕ್ಷಣಕ್ಷಣಕ್ಕೂ ತೀರ್ಮಾನಿಸಬೇಕಾಗುವುದೆಂದೂ ತೋರಿಸಿದನು. ಆರು ದಶಕಗಳು ಕಳೆದಮೇಲೆ ಅದೇ ದೇಶದ ಡೋಲೊರೆಸ್ ಡರ್ಕಿನ್ ಎಂಬವರು ನಾಲ್ಕನೆಯ ತರಗತಿಗಳ ಹಿಂದಿನ ಸಾಲಿನಲ್ಲಿ ಕುಳಿತು ಓದುವ ಪಾಠಗಳನ್ನು ಗಡಿಯಾರ ಹಿಡಿದು ಅಳೆದರು. 1978–79ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಸುಮಾರು ನಾಲ್ಕೂವರೆ ಸಾವಿರ ನಿಮಿಷಗಳ ಪಾಠದಲ್ಲಿ ಅರ್ಥಮಾಡಿಕೊಳ್ಳುವುದು ಹೇಗೆಂದು ಉಪಾಧ್ಯಾಯರು ಕಲಿಸಿದುದು ಇಪ್ಪತ್ತೇ ನಿಮಿಷ. ಮಿಕ್ಕ ಕಾಲದಲ್ಲಿ ಅವರು ಪ್ರಶ್ನೆ ಕೇಳುತ್ತಿದ್ದರು, ಉತ್ತರ ತಿದ್ದುತ್ತಿದ್ದರು. ಅರ್ಥವಾಗಿದೆಯೇ ಎಂದು ಪರೀಕ್ಷಿಸುವುದು ಒಂದು ಕೆಲಸ, ಅರ್ಥಮಾಡಿಕೊಳ್ಳುವುದನ್ನು ಕಲಿಸುವುದು ಇನ್ನೊಂದು ಕೆಲಸ; ಎರಡನ್ನೂ ಒಂದೆಂದು ತಿಳಿದವಳು ನಾನೊಬ್ಬಳೇ ಅಲ್ಲ.

ಮಾರ್ಗದರ್ಶನದ ವಾಚನವೆಂದು ಈಗ ಕರೆಯಲ್ಪಡುವ ಕ್ರಮವು ನ್ಯೂಜಿಲೆಂಡಿನ ಶಾಲೆಗಳಲ್ಲಿ ಮೊದಲು ಬೇರೂರಿದುದು. ಆ ದೇಶದ ಮೇರಿ ಕ್ಲೇ ಎಂಬ ವಿದುಷಿಯು ಒಂದೊಂದು ಮಗುವಿನ ಪಕ್ಕದಲ್ಲಿ ಕುಳಿತು, ಅದು ಓದುತ್ತಿರುವಾಗ ಎಲ್ಲಿ ತಪ್ಪಿತು, ಎಲ್ಲಿ ತಾನೇ ತಿದ್ದಿಕೊಂಡಿತು ಎಂಬುದನ್ನು ಗುರುತುಹಾಕಿಕೊಳ್ಳುವ ಪದ್ಧತಿಯನ್ನು ಏರ್ಪಡಿಸಿದರು. 1996ರಲ್ಲಿ ಐರೀನ್ ಫೌಂಟಸ್ ಮತ್ತು ಗೇ ಸೂ ಪಿನ್ನೆಲ್ ಎಂಬಿಬ್ಬರು ಅಮೆರಿಕದಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಕ್ರಮವು ಬಹಳವಾಗಿ ಹರಡಿತು. ಇದರ ತಿರುಳು ಇಷ್ಟೇ: ಇಡೀ ತರಗತಿಗೆ ಒಮ್ಮೆಗೇ ಓದಿಸದೆ, ಐದಾರು ಮಕ್ಕಳ ಗುಂಪಿನೊಡನೆ ಉಪಾಧ್ಯಾಯಿನಿಯು ಕುಳಿತುಕೊಳ್ಳುವಳು, ಆ ಮಕ್ಕಳಿಗೆ ತೀರ ಸುಲಭವೂ ಅಲ್ಲದ, ಎದೆಗೆಡಿಸುವಷ್ಟು ಕಠಿನವೂ ಅಲ್ಲದ ಭಾಗವನ್ನು ಆರಿಸುವಳು, ಓದುವುದಕ್ಕೆ ಮುಂಚೆ ಸ್ವಲ್ಪ ದಾರಿ ತೋರಿಸಿ, ಬಳಿಕ ಪ್ರತಿಯೊಬ್ಬಳೂ ತಾನಾಗಿ ಓದುವಂತೆ ಬಿಟ್ಟು, ತೊಡಕು ಬಂದಲ್ಲಿ ಮಾತ್ರ ಕೈಕೊಡುವಳು.

ಇದನ್ನು ಇದ್ದಂತೆಯೇ ನಮ್ಮಲ್ಲಿಗೆ ತರಲಾಗದೆಂದು ಬೇಗನೆ ತಿಳಿದೆನು. ಪುಸ್ತಕವು ಮಗುವಿಗೆ ತಕ್ಕುದೇ ಎಂದು ನಿರ್ಣಯಿಸಲು ಅವರು ನೂರು ಪದಗಳಲ್ಲಿ ಎಷ್ಟನ್ನು ತಪ್ಪಿಲ್ಲದೆ ಓದಿತೆಂದು ಎಣಿಸುವರು. ತೊಂಬತ್ತಕ್ಕಿಂತ ಕಡಿಮೆಯಾದರೆ ಪುಸ್ತಕವು ಕಠಿನವೆಂದು ಹೇಳುವರು. ಈ ಅಳತೆಗೋಲಿನಿಂದ ಅಳೆದರೆ ನನ್ನ ತರಗತಿಯ ಮಕ್ಕಳೆಲ್ಲರೂ ಎಂತಹ ಪ್ರೌಢ ಗ್ರಂಥವನ್ನಾದರೂ ಓದಬಲ್ಲವರೆಂದು ತೀರ್ಮಾನವಾಗುವುದು! ಆದುದರಿಂದ ನಾನು ಬೇರೊಂದು ಎಣಿಕೆಯನ್ನು ಮಾಡಿದೆನು. ಪುಟವನ್ನು ಕೊಟ್ಟು, ಮೌನವಾಗಿ ಓದಿ, ಇನ್ನೊಬ್ಬರಿಗೆ ಹೇಳಿಕೊಡಲು ಬಾರದಂತಹ ಪದದ ಕೆಳಗೆ ಸೀಸದ ಕಡ್ಡಿಯಿಂದ ಸಣ್ಣ ಚುಕ್ಕೆ ಇಡಿರೆಂದು ಹೇಳಿದೆನು. ಮೊದಲ ವಾರ ಯಾರೂ ಚುಕ್ಕೆ ಇಡಲಿಲ್ಲ. ತಿಳಿಯದೆಂದು ಒಪ್ಪಿಕೊಂಡರೆ ಅಂಕ ಹೋಗುವುದೆಂಬ ಭಯ. ನಾನೇ ವೃತ್ತಪತ್ರಿಕೆಯ ಒಂದು ಲೇಖನವನ್ನು ತಂದು, ನನಗೆ ತಿಳಿಯದ ನಾಲ್ಕು ಪದಗಳ ಕೆಳಗೆ ಚುಕ್ಕೆ ಇಟ್ಟು ತೋರಿಸಿದಮೇಲೆ ಅವರಿಗೆ ಧೈರ್ಯ ಬಂದಿತು. ಆ ಇಂಪುಕಂಠದ ಬಾಲಕಿಯು, ಒಂಬತ್ತನೆಯ ತರಗತಿಯ ಮೊದಲ ತಿಂಗಳಲ್ಲಿ, ಒಂದೇ ಪುಟದಲ್ಲಿ ಹತ್ತೊಂಬತ್ತು ಚುಕ್ಕೆಗಳನ್ನಿಟ್ಟು ನನ್ನ ಮುಂದೆ ಹಿಡಿದಳು. ಅವಳ ವಾಚನಕ್ಕೆ ನಾನು ಮಾಡಿದ ಮೊದಲನೆಯ ನಿಜವಾದ ಪರೀಕ್ಷೆಯು ಅದೇ.

ಗುಂಪು ಮಾಡುವುದರಲ್ಲಿಯೂ ತಪ್ಪಿದೆನು. ಹಿಂದುಳಿದವರನ್ನು ಒಂದು ಗುಂಪಾಗಿ ಕೂರಿಸಿದೆನು. ಒಂದೇ ದಿನದಲ್ಲಿ ಮಕ್ಕಳು ಆ ಗುಂಪಿಗೆ ಹೆಸರಿಟ್ಟುಬಿಟ್ಟರು. ಅದನ್ನು ಇಲ್ಲಿ ಬರೆಯಲಾರೆನು. ಈಗ ಆರು ಆರು ಮಂದಿಯ ಆರು ಗುಂಪುಗಳಿವೆ. ಅವು ಆರು ವಾರಗಳಿಗೊಮ್ಮೆ ಬದಲಾಗುವವು. ಮನೆಯಲ್ಲಿ ಕನ್ನಡವಾಡುವವಳೊಬ್ಬಳಾದರೂ ಪ್ರತಿ ಗುಂಪಿನಲ್ಲಿರುವಂತೆ ನೋಡಿಕೊಳ್ಳುವೆನು. ದಿನಕ್ಕೊಂದು ಗುಂಪಿನೊಡನೆ ಪೀರಿಯಡಿನ ಮೊದಲ ಹದಿನೈದು ನಿಮಿಷ ಕೂರುವೆನು. ಮಿಕ್ಕವರು ಆ ಹೊತ್ತಿನಲ್ಲಿ ಮೌನವಾಗಿ ಓದುವರು ಅಥವಾ ಬರೆಯುವರು. ಅವರು ಗಲಾಟೆ ಮಾಡುವುದಿಲ್ಲವೇ ಎಂದರೆ, ಮಾಡುವರು. ಪಕ್ಕದ ತರಗತಿಯವರು ಎರಡು ಸಾರಿ ಬಂದು ಇಣುಕಿ ಹೋಗಿರುವರು. ಗುಂಪುಗಳಲ್ಲಿ ಕಲಿಸುವುದು ನಮ್ಮ ನಾಡಿಗೇನೂ ಅಪರಿಚಿತವಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಎಂಬ ಕ್ರಮದಲ್ಲಿ ಸಣ್ಣ ತರಗತಿಗಳ ಮಕ್ಕಳು ಗುಂಪುಗಳಲ್ಲಿಯೇ ಕಲಿಯುತ್ತ ಬಂದಿರುವರು. ಹೈಸ್ಕೂಲಿಗೆ ಬಂದೊಡನೆ ಸಾಲಾಗಿ ಕೂರಿಸಿ ಬಾಯಿ ಮುಚ್ಚಿಸುವವರು ನಾವೇ.

ಒಂದು ಪಾಠ ನಡೆದ ಬಗೆಯನ್ನು ಸ್ವಲ್ಪ ವಿಸ್ತರಿಸಿ ಹೇಳುವೆನು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ “ಮಂಗಳೂರು ಸಮಾಚಾರ”ವನ್ನು 1843ರಲ್ಲಿ ಹರ್ಮನ್ ಮ್ಯೋಗ್ಲಿಂಗ್ ಎಂಬವರು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರಡಿಸಿದರೆಂಬ ವಿಷಯವಾಗಿ ನಾನೇ ಒಂದು ಪುಟವನ್ನು ಬರೆದಿದ್ದೆನು. ಹಿಂದಿನ ಕ್ರಮದಲ್ಲಾಗಿದ್ದರೆ ಕರಿಹಲಗೆಯ ಮೇಲೆ “ಕಲ್ಲಚ್ಚು: ಕಲ್ಲಿನಿಂದ ಮಾಡುವ ಮುದ್ರಣ” ಎಂದು ಬರೆದು ಮುಂದೆ ಹೋಗುತ್ತಿದ್ದೆನು. ಈ ಸಾರಿ ಗುಂಪಿನವರನ್ನು, “ಕಲ್ಲಚ್ಚೆಂದರೆ ನಿಮ್ಮ ಮನಸ್ಸಿಗೆ ಏನು ಕಾಣುವುದು?” ಎಂದು ಕೇಳಿದೆನು. ಒಬ್ಬಳು ಕಲ್ಲಿನ ಮೇಲೆ ಉಳಿಯಿಂದ ಅಕ್ಷರ ಕೆತ್ತಿ ಶಾಸನದಂತೆ ಮಾಡುವುದೆಂದಳು. ಇನ್ನೊಬ್ಬಳು ಅಂಚೆಕಚೇರಿಯ ಮುದ್ರೆಯಂತೆ ಕಲ್ಲಿನಿಂದ ಕುಟ್ಟುವುದೆಂದಳು. ಯಾರ ಮನಸ್ಸಿನಲ್ಲಿಯೂ ನಿಜವಾದ ಚಿತ್ರವಿರಲಿಲ್ಲ. ಚಿತ್ರವಿಲ್ಲದೆ ಮುಂದಿನ ವಾಕ್ಯಗಳು, ಅಂದರೆ ಶಾಯಿಯು ಗೆರೆಗಳಿಗೆ ಮಾತ್ರ ಹತ್ತಿ ಮಿಕ್ಕ ಕಡೆ ಹತ್ತುವುದಿಲ್ಲವೆಂಬ ಮಾತುಗಳು, ಹೇಗೆ ತಿಳಿದಾವು?

ಒಂದು ಮೇಣದಬತ್ತಿಯನ್ನೂ ಒಂದು ಸ್ಲೇಟನ್ನೂ ತರಿಸಿ, ಮೇಣದಿಂದ ಸ್ಲೇಟಿನ ಮೇಲೆ ಒಂದು ಅಕ್ಷರ ಬರೆದು ಒದ್ದೆಬಟ್ಟೆಯಿಂದ ಒರೆಸಿದೆನು. ಮೇಣವಿದ್ದ ಕಡೆ ನೀರು ನಿಲ್ಲದೆ ಜಾರಿತು. ಆಗ ಹಿಂದೆ ಕುಳಿತಿದ್ದ ಆ ಬೀಡಿ ಕಟ್ಟುವ ತಾಯಿಯ ಮಗಳು, “ಪತ್ರೊಡೆಯ ಎಲೆಯ ಮೇಲೆ ನೀರು ನಿಲ್ಲುವುದಿಲ್ಲವಲ್ಲ ಟೀಚರ್, ಹಾಗೆ!” ಎಂದಳು. ಕೆಸುವಿನೆಲೆಯನ್ನು ಮಳೆಗಾಲದಲ್ಲಿ ತೊಳೆಯದ ಮನೆ ನಮ್ಮಲ್ಲಿ ಯಾವುದಿರುವುದು? ಮಿಕ್ಕ ಐವರಿಗೂ ಒಮ್ಮೆಗೇ ಹೊಳೆಯಿತು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಯುವುದು, ಕಲ್ಲನ್ನು ನೀರಿನಿಂದ ತೋಯಿಸುವುದು, ಬಳಿಕ ಜಿಡ್ಡಿನ ಶಾಯಿಯನ್ನು ಸವರುವುದು, ಶಾಯಿಯು ಒದ್ದೆಯಾದ ಜಾಗವನ್ನು ಬಿಟ್ಟು ಬರಹಕ್ಕೆ ಮಾತ್ರ ಅಂಟುವುದು, ಅದರ ಮೇಲೆ ಕಾಗದವನ್ನಿಟ್ಟು ಒತ್ತುವುದು, ಇಷ್ಟನ್ನೂ ಅವರು ಪುಟವನ್ನು ಮೌನವಾಗಿ ಓದಿ ತಾವೇ ಹೇಳಿದರು. ಅಷ್ಟೇ ಅಲ್ಲ, “ಹಾಗಾದರೆ ಕಲ್ಲಿನ ಮೇಲೆ ಅಕ್ಷರವನ್ನು ತಿರುಗಿಸಿ ಬರೆಯಬೇಕಲ್ಲವೇ?” ಎಂದು ಒಬ್ಬಳು ಕೇಳಿದಳು. ನನ್ನ ಪುಟದಲ್ಲಿ ಆ ಮಾತೇ ಇರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಗದ್ಯಪಾಠದಲ್ಲಿ ಇಂತಹ ಪ್ರಶ್ನೆಯನ್ನು ನಾನು ಎಷ್ಟು ಸಾರಿ ಕೇಳಿರುವೆನೆಂದು ಲೆಕ್ಕಹಾಕಿದರೆ ಒಂದು ಕೈಯ ಬೆರಳುಗಳು ಸಾಕು.

ಈ ಕ್ರಮದಲ್ಲಿ ನನಗೆ ಅತ್ಯಂತ ಕಷ್ಟವಾದುದು ಸುಮ್ಮನಿರುವುದು. ಮೇರಿ ಬಡ್ ರೋ ಎಂಬವರು ತರಗತಿಗಳ ಸಂಭಾಷಣೆಗಳನ್ನು ಧ್ವನಿಮುದ್ರಿಸಿ ಅಳೆದು, ಪ್ರಶ್ನೆ ಕೇಳಿದ ಉಪಾಧ್ಯಾಯರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುವರೆಂದು 1974ರಲ್ಲಿ ಪ್ರಕಟಿಸಿದರು. ಮೂರು ಸೆಕೆಂಡು ಕಾದರೆ ಉತ್ತರಗಳು ದೀರ್ಘವಾಗುವವು, ಎಂದೂ ಮಾತನಾಡದ ಮಕ್ಕಳೂ ಮಾತನಾಡುವರು. ಮೂರು ಸೆಕೆಂಡೆಂದರೆ ಏನು ಮಹಾ ಎನ್ನಬಹುದು. ಮಗುವು ತೊಡಕಿನ ವಾಕ್ಯದ ಮುಂದೆ ನಿಂತು ಮುಖ ಕೆಂಪಾಗಿಸಿಕೊಂಡಿರುವಾಗ ಮೂರು ಸೆಕೆಂಡು ಸುಮ್ಮನಿದ್ದು ನೋಡಿರಿ! ನಾನು ಮೇಜಿನ ಕೆಳಗೆ ಬೆರಳು ಮಡಚಿ ಎಣಿಸುವೆನು. ಎರಡನೆಯ ಬೆರಳಿಗೆ ಬರುವಷ್ಟರಲ್ಲಿ ಅನೇಕ ಸಾರಿ ನನ್ನ ಬಾಯೇ ತೆರೆದುಕೊಳ್ಳುವುದು.

ನಾಲಗೆಯಿಂದ ಸೊಗಸಾಗಿ ಓದಿಯೂ ಅರ್ಥಮಾಡಿಕೊಳ್ಳಲಾರದ ಏಳನೆಯ ತರಗತಿಯ ಮಕ್ಕಳನ್ನೇ ಆರಿಸಿಕೊಂಡು ಪಾಲಿಂಕ್ಸಾರ್ ಮತ್ತು ಬ್ರೌನ್ ಎಂಬಿಬ್ಬರು ಅಮೆರಿಕದಲ್ಲಿ ನಡೆಸಿದ ಪ್ರಯೋಗವು 1984ರಲ್ಲಿ ಪ್ರಕಟವಾಯಿತು. ಅದರಲ್ಲಿ ಮಕ್ಕಳು ಸರದಿಯಿಂದ ಉಪಾಧ್ಯಾಯರ ಸ್ಥಾನದಲ್ಲಿ ಕುಳಿತು, ಓದಿದ ಭಾಗದ ಸಾರವನ್ನು ಹೇಳುವರು, ಪ್ರಶ್ನೆ ಕೇಳುವರು, ತೊಡಕನ್ನು ಬಿಡಿಸುವರು, ಮುಂದೇನು ಬರಬಹುದೆಂದು ಊಹಿಸುವರು. ಇದನ್ನು ಓದಿದಾಗ ನನಗೆ ನಮ್ಮ ತಾಳಮದ್ದಳೆಯು ನೆನಪಿಗೆ ಬಂದಿತು. ಭಾಗವತರು ಪದ್ಯವನ್ನು ಎಷ್ಟೇ ಇಂಪಾಗಿ ಹಾಡಲಿ, ಅರ್ಥಧಾರಿಯು ಅದರ ಅರ್ಥವನ್ನು ತನ್ನ ಮಾತಿನಲ್ಲಿ ಹೇಳದೆ ಪ್ರಸಂಗವು ಮುಂದೆ ಸಾಗದು. ಎದುರಿನ ಅರ್ಥಧಾರಿಯು ಪ್ರಶ್ನಿಸುವನು, ಇವನು ಸಮರ್ಥಿಸಿಕೊಳ್ಳಬೇಕು. ನಮ್ಮ ಹಿರಿಯರು ಒಪ್ಪಿಕೊಂಡಿದ್ದ ಈ ಮಾತನ್ನು ನಾನು ತರಗತಿಯಲ್ಲಿ ಮರೆತು ಭಾಗವತಿಕೆಯನ್ನು ಮಾತ್ರ ಕಲಿಸುತ್ತಿದ್ದೆನು. ಈಗ ಪ್ರತಿ ಗುಂಪಿನಲ್ಲಿಯೂ ಒಬ್ಬಳು ಓದುವಳು, ಒಬ್ಬಳು ಅರ್ಥ ಹೇಳುವಳು, ಒಬ್ಬಳು ಎದುರಾಳಿಯಾಗಿ ಪ್ರಶ್ನಿಸುವಳು. ಅರ್ಥ ಹೇಳುವಾಗ ಪುಸ್ತಕದ ಪದಗಳನ್ನೇ ಹಿಂದಿರುಗಿಸಿದರೆ ಮಿಕ್ಕವರು “ಗಿರುವು!” ಎಂದು ಕೂಗುವರು. ತೀರ ತೊಡಕಾದರೆ ಮೊದಲು ಮನೆಮಾತಿನಲ್ಲಿ ಹೇಳಬಹುದೆಂದು ಅನುಮತಿ ಕೊಟ್ಟಿರುವೆನು. ಕನ್ನಡದ ಪೀರಿಯಡಿನಲ್ಲಿ ತುಳು ಕೊಂಕಣಿಗಳೇ ಎಂದು ಕೆಲವರು ಹುಬ್ಬೇರಿಸಿದರು. ಆದರೆ ತುಳುವಿನಲ್ಲಿ ಅರ್ಥವಾದುದನ್ನು ಕನ್ನಡದಲ್ಲಿ ಹೇಳಲು ಕಲಿಸಬಹುದು. ಯಾವ ಭಾಷೆಯಲ್ಲಿಯೂ ಅರ್ಥವಾಗದುದನ್ನು ಏನು ಮಾಡುವುದು?

ಆಕ್ಷೇಪಣೆಗಳು ಇಲ್ಲದಿಲ್ಲ. ಹೀಗೆ ಓದಿಸಿದರೆ ಪಾಠಗಳು ಮುಗಿಯುವುದಿಲ್ಲವೆಂಬುದು ಮೊದಲನೆಯದು, ಅದು ನಿಜವೂ ಹೌದು. ಮೊದಲ ವರ್ಷ ಎರಡು ಗದ್ಯಪಾಠಗಳನ್ನು ಕೊನೆಯ ತಿಂಗಳಲ್ಲಿ ಅವಸರದಿಂದ ಮುಗಿಸಿದೆನು. ಗಟ್ಟಿಯಾಗಿ ಓದಿಸುವುದನ್ನು ನಿಲ್ಲಿಸಿ ಮಕ್ಕಳ ನಾಲಗೆಯನ್ನು ಕೆಡಿಸಿದೆನೆಂದು ಒಬ್ಬ ತಂದೆಯವರು ಬರೆದಿದ್ದರು. ನಿಲ್ಲಿಸಿಲ್ಲ, ಅರ್ಥವಾದಮೇಲೆ ಓದಿಸುವೆನು. ಅರ್ಥವರಿತು ಓದುವಾಗ ದನಿಯ ಏರಿಳಿತವು ತಾನಾಗಿ ಬರುವುದನ್ನು ಕೇಳಬೇಕಾದರೆ ಅವರು ಯಾವ ದಿನವಾದರೂ ತರಗತಿಗೆ ಬರಬಹುದು. ಇನ್ನು ಪರೀಕ್ಷೆಯ ವಿಷಯ. ಕಂಠಪಾಠದ ಉತ್ತರಗಳಿಂದ ಬರುವ ಅಂಕಗಳು ಈ ಕ್ರಮದಿಂದ ಹೆಚ್ಚಿಲ್ಲ, ಕಡಿಮೆಯೂ ಆಗಿಲ್ಲ. ಪುಸ್ತಕದಲ್ಲಿಲ್ಲದ ಗದ್ಯಭಾಗವನ್ನು ಓದಿ ಉತ್ತರಿಸುವ ಪ್ರಶ್ನೆಯಲ್ಲಿ ಮಾತ್ರ ನಮ್ಮ ಮಕ್ಕಳು ಮೊದಲಿಗಿಂತ ಮೇಲಾಗಿರುವರು. ಆದರೂ ಕೆಲವು ಮಕ್ಕಳಿಗೆ ಇದರಿಂದ ಹೇಳಿಕೊಳ್ಳುವಂತಹ ಪ್ರಯೋಜನವಾಗಿಲ್ಲವೆಂಬುದನ್ನೂ ಒಪ್ಪಿಕೊಳ್ಳುವೆನು. ಅವರಲ್ಲಿ ಹಲವರಿಗೆ ಒತ್ತಕ್ಷರಗಳೇ ಇನ್ನೂ ಗಟ್ಟಿಯಾಗಿಲ್ಲ. ಅವರಿಗೆ ಬೇಕಾದುದು ಬೇರೆ ಔಷಧ.

ತಾಯಿತಂದೆಗಳಲ್ಲಿ ನನ್ನದೊಂದು ಬಿನ್ನಹವಿರುವುದು. ನಮಗೆ ಓದು ಬಾರದು, ಮಗಳಿಗೆ ಏನು ಸಹಾಯಮಾಡಲಾದೀತು ಎಂದು ಅನೇಕ ತಾಯಂದಿರು ನನ್ನೊಡನೆ ಹೇಳಿರುವರು. ಓದು ಬಾರದ ತಾಯಿಯೇ ಈ ಕೆಲಸಕ್ಕೆ ಎಲ್ಲರಿಗಿಂತ ತಕ್ಕವಳೆಂದು ನನ್ನ ಅನುಭವ. ಮಗಳು ಓದುತ್ತಿರುವಾಗ “ತಪ್ಪಿಲ್ಲದೆ ಓದು” ಎನ್ನಬೇಡಿರಿ, ಓದಿ ಮುಗಿಸಿದಮೇಲೆ “ಏನಂತೆ?” ಎಂದು ಕೇಳಿರಿ. ನಿಮ್ಮ ಮನೆಮಾತಿನಲ್ಲಿಯೇ ಹೇಳಲಿ. ನಿಮಗೆ ತಿಳಿಯದಿದ್ದರೆ ತಿಳಿಯಲಿಲ್ಲವೆಂದು ಹೇಳಿರಿ. ಅವಳು ಮತ್ತೊಮ್ಮೆ ಪುಟವನ್ನು ನೋಡುವಳು. ಓದಬಲ್ಲ ತಂದೆಯಾದರೋ ಎರಡನೆಯ ಸಾಲಿಗೇ ಪುಸ್ತಕವನ್ನು ಕಸಿದುಕೊಂಡು ತಾನೇ ಅರ್ಥ ಹೇಳಿಬಿಡುವನು!

ಆ ಬಾಲಕಿಯು ಹತ್ತನೆಯ ತರಗತಿಯನ್ನು ಮುಗಿಸಿ ಹೋದಳು. ಹೋಗುವ ಮುಂಚೆ ಒಂದು ದಿನ, ಮನೆಗೆ ಬಂದ ಇನ್ನೊಂದು ಕಾಗದವನ್ನು ಹಿಡಿದುಕೊಂಡು ಬಂದು ನನ್ನ ಮುಂದೆ ಇಟ್ಟಳು. ಅದರಲ್ಲಿ ಮೂರು ಪದಗಳ ಕೆಳಗೆ ಚುಕ್ಕೆಗಳಿದ್ದವು. “ಈ ಮೂರು ತಿಳಿಯಲಿಲ್ಲ ಟೀಚರ್. ಆದರೆ ಹದಿನೈದನೆಯ ತಾರೀಖಿನೊಳಗೆ ಅಮ್ಮ ಹೋಗಿ ರುಜುಹಾಕಬೇಕೆಂಬುದು ತಿಳಿಯಿತು, ನಿನ್ನೆಯೇ ಕಳುಹಿಸಿದೆ” ಎಂದಳು.

ಅಂದಿನಿಂದ ತರಗತಿಯ ಬೀರುವಿನಲ್ಲಿ ಒಂದು ಪೆಟ್ಟಿಗೆಯನ್ನು ಇಟ್ಟಿರುವೆನು. ಪಠ್ಯಪುಸ್ತಕದ ಜೊತೆಗೆ ಮಕ್ಕಳು ಅದರೊಳಗಿನ ಕಾಗದಗಳನ್ನೂ ಗುಂಪಿನಲ್ಲಿ ಓದುವರು: ಔಷಧದ ಸೀಸೆಯೊಡನೆ ಬರುವ ಚೀಟಿ, ವಿದ್ಯುಚ್ಛಕ್ತಿಯ ಬಿಲ್ಲು, ಪಂಚಾಯತಿಯ ಪ್ರಕಟಣೆ, ವಿಮೆಯ ಕಾಗದ, ಬಾಡಿಗೆಯ ಕರಾರು. ಈಗ ಅದರಲ್ಲಿರುವವು ಹದಿನೇಳು. ಓದಿ ಓದಿ ಮಕ್ಕಳಿಗೆ ಬಾಯಿಪಾಠವಾಗಿಬಿಟ್ಟಿವೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಕಚೇರಿಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಕೆಲಸಮಾಡುತ್ತಿರುವವರು ಬಹುಮಂದಿ ಇರುವಿರಿ. ನಿಮ್ಮ ಕೈಸೇರುವ ಇಂತಹ ಕನ್ನಡ ಕಾಗದಗಳ ಪ್ರತಿಗಳನ್ನು, ಜೂನ್ ತಿಂಗಳಲ್ಲಿ ಪಾಠಗಳು ಆರಂಭವಾಗುವುದರೊಳಗಾಗಿ, ಶಾಲೆಯ ಕಚೇರಿಗೆ ಕಳುಹಿಸಿಕೊಡಬೇಕೆಂದು ಪ್ರಾರ್ಥಿಸುವೆನು. ಅವುಗಳಲ್ಲಿರುವ ಹೆಸರು, ವಿಳಾಸ, ಲೆಕ್ಕದ ಅಂಕೆಗಳನ್ನು ಕಾಣದಂತೆ ಹೊಡೆದುಹಾಕಿ ಕಳುಹಿಸಿರಿ.